ಬಾಕಿ ಇಟ್ಟವರು ಮನೆ ಬದಲಾಯಿಸಿದರೆ ಹುಡುಕುವುದು ಹೇಗೆ?

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಪ್ಲೈವುಡ್ ಅಂಗಡಿ ಇದೆ. ಸಾಲಕ್ಕೆ ಮಾಲು ಕೊಡದೆ ಈ ವ್ಯಾಪಾರ ನಡೆಯುವುದಿಲ್ಲ. ಮನೆಗಳ ಒಳಗೆ ಮರಗೆಲಸ ಮಾಡಿಸುವ ಕಂಟ್ರಾಕ್ಟರ್ ಒಬ್ಬರು ನಾಲ್ಕು ವರ್ಷ ನನ್ನ ಹತ್ತಿರ ಮಾಲು ತೆಗೆದುಕೊಂಡರು. ಮೂರು ವರ್ಷ ಸರಿಯಾಗಿ ದುಡ್ಡು ಕೊಟ್ಟರು. ಕೊನೆಯ ವರ್ಷದ್ದು 1,84,000 ರೂಪಾಯಿ ಬಾಕಿ ಉಳಿಯಿತು. ಮೊದಲು ಫೋನ್ ಎತ್ತುವುದು ಕಡಿಮೆಯಾಯಿತು, ಆಮೇಲೆ ಸ್ವಿಚ್ ಆಫ್. ಲಗ್ಗೆರೆಯ ಅವರ ಬಾಡಿಗೆ ಮನೆಗೆ ಹೋದರೆ ಗೇಟಿನಲ್ಲಿ 'ಮನೆ ಬಾಡಿಗೆಗೆ ಇದೆ' ಅನ್ನೋ ಬೋರ್ಡು ನೇತಾಡುತ್ತಿತ್ತು.

ಎಲ್ಲಿಗೆ ಹೋದರು? ಇದೊಂದೇ ಪ್ರಶ್ನೆ ಹಿಡಿದುಕೊಂಡು ಎಂಟು ತಿಂಗಳು ಓಡಾಡಿದೆ. ಕೊನೆಗೆ ವಕೀಲರ ಮುಂದೆ ಕೂತಾಗ ಅವರು ಕೇಳಿದ ಮೊದಲ ಮಾತು, "ನಿಮ್ಮ ಮೊದಲ ಬಾಕಿ ಬಿಲ್ಲಿನ ತಾರೀಕು ಎಷ್ಟು?" ನನಗೆ ಬಾಯಿಪಾಠ ಇರಲಿಲ್ಲ. ಎಂಟು ತಿಂಗಳಲ್ಲಿ ಅದನ್ನು ಒಂದು ಸಲವೂ ತೆಗೆದು ನೋಡಿರಲಿಲ್ಲ. ಅದಕ್ಕೇ ಈ ಬರಹ ಅಲ್ಲಿಂದಲೇ ಶುರುವಾಗುತ್ತದೆ.

ಮೊದಲ ಕೆಲಸ: ತಾರೀಕು ನೋಡಿ

ಹಣದ ಬಾಕಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ 3 ವರ್ಷ ಗಡುವು. ಇದು 1963ರ ಲಿಮಿಟೇಷನ್ ಕಾಯ್ದೆಯ ಲೆಕ್ಕ. ಕೈಸಾಲ ಕೊಟ್ಟಿದ್ದರೆ, ಯಾವಾಗ ವಾಪಸ್ ಅಂತ ಮಾತಾಗದೇ ಇದ್ದರೆ, ಹಣ ಕೊಟ್ಟ ದಿನದಿಂದಲೇ ಎಣಿಕೆ. ತುಂಬಾ ಜನ ಕೇಳಿದ ದಿನದಿಂದ ಅಂದುಕೊಂಡಿರುತ್ತಾರೆ, ಅದು ತಪ್ಪು. ಮಾಲು ಕೊಟ್ಟಿದ್ದರೆ ಕೊಟ್ಟ ದಿನದಿಂದ. 30 ದಿನ, 60 ದಿನ ಅಂತ ಮೊದಲೇ ಅವಧಿ ಮಾತಾಡಿಕೊಂಡಿದ್ದರೆ ಆ ಅವಧಿ ಮುಗಿದ ದಿನದಿಂದ. ಪ್ರತಿ ಬಿಲ್ಲಿಗೂ ಅದರದ್ದೇ ತಾರೀಕು.

ಈ 3 ವರ್ಷದೊಳಗೆ ಅವರು "ಇಷ್ಟು ಕೊಡಬೇಕು" ಎಂದು ಬರೆದು ಸಹಿ ಮಾಡಿಕೊಟ್ಟಿದ್ದರೆ ಆ ದಿನದಿಂದ ಮತ್ತೆ ಹೊಸದಾಗಿ 3 ವರ್ಷ ಸಿಗುತ್ತದೆ. ಸ್ವಲ್ಪ ಹಣ ಕಟ್ಟಿ, ಕಟ್ಟಿದ್ದಕ್ಕೆ ಅವರದೇ ಕೈಬರಹವೋ ಸಹಿಯೋ ಇದ್ದರೂ ಹಾಗೆಯೇ. ಹಳೆ ಡೈರಿ, ಬಿಲ್ ಬುಕ್ ಹಿಂದಿನ ಪುಟ ಎಲ್ಲ ತಿರುವಿ ನೋಡಿ. ಇಂಥ ಒಂದು ಸಾಲು ಸಿಕ್ಕರೆ ನಿಮಗೆ ಉಸಿರಾಡಲು ಸಮಯ ಸಿಕ್ಕಂತೆ.

ಗಡುವು ಮುಗಿಯುವ ತಾರೀಕನ್ನು ದಪ್ಪಕ್ಷರದಲ್ಲಿ ಬರೆದು ಕ್ಯಾಲೆಂಡರಿಗೆ ಅಂಟಿಸಿ. ಇನ್ನು ಮುಂದಿನ ಹುಡುಕಾಟವೆಲ್ಲ ಆ ತಾರೀಕಿನ ಒಳಗೆ.

ಎರಡನೆಯದು: ಹಳೆ ಕಾಗದ ಎಲ್ಲ ಒಂದು ಕಡೆ ತನ್ನಿ

ಹೊಸ ವಿಳಾಸದ ಸುಳಿವು ಎಷ್ಟೋ ಸಲ ನಮ್ಮದೇ ಡ್ರಾಯರಿನಲ್ಲಿ ಇರುತ್ತದೆ. ಸಾಲದ ಪತ್ರ ಇದ್ದರೆ ಜಾಮೀನು ಹಾಕಿದವರ ಹೆಸರು, ಸಾಕ್ಷಿ ಸಹಿ ಮಾಡಿದವರ ಹೆಸರು ನೋಡಿ. ಚೆಕ್ ಇದ್ದರೆ ಬ್ಯಾಂಕಿನ ಬ್ರಾಂಚ್ ನೋಡಿ. ಯುಪಿಐನಲ್ಲಿ ಹಣ ಬಂದಿದ್ದರೆ ಯಾವ ನಂಬರಿನಿಂದ ಬಂತು, ಹೆಂಡತಿಯ ಅಕೌಂಟಾ, ಅಣ್ಣನ ಅಕೌಂಟಾ ನೋಡಿ. ಮಾಲು ಇಳಿಸಿದ ಡೆಲಿವರಿ ಚಲನ್‌ನಲ್ಲಿ ಸೈಟಿನ ವಿಳಾಸ ಇರುತ್ತದೆ. ಆ ಸೈಟಿನ ಮನೆಯವರಿಗೆ ಕಂಟ್ರಾಕ್ಟರಿನ ಈಗಿನ ನಂಬರ್ ಗೊತ್ತಿರುವ ಸಾಧ್ಯತೆ ಜಾಸ್ತಿ. ಡ್ರಾಯರ್ ಕೆಲಸ, ಹಿಂಜ್ ರಿಪೇರಿ ಅಂತ ಅವರು ಆಮೇಲೂ ಕರೆಸುತ್ತಲೇ ಇರುತ್ತಾರೆ ಅಲ್ವಾ?

ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ. ಫೋನ್ ಬದಲಾಯಿಸುವ ಮುಂಚೆ ಬ್ಯಾಕಪ್ ಮಾಡಿಕೊಳ್ಳಿ. ಕೋರ್ಟಿಗೆ ಕೊಡುವಾಗ ಹೊಸ ಸಾಕ್ಷ್ಯ ಕಾಯ್ದೆಯ 63ನೇ ಕಲಮಿನ ಸರ್ಟಿಫಿಕೇಟ್ ಜೊತೆಗೆ ಕೊಡಬೇಕಾಗುತ್ತದೆ. ಅದನ್ನು ವಕೀಲರು ಮಾಡಿಸುತ್ತಾರೆ.

ಮೂರನೆಯದು: ಹಳೆ ವಿಳಾಸಕ್ಕೇ ಬಾಕಿ ಕೇಳುವ ಒಂದು ನೋಟಿಸ್ ಪತ್ರ ಹಾಕಿ

ಮನೆ ಖಾಲಿ ಅಂತ ಗೊತ್ತಿದ್ದೂ ಅಲ್ಲಿಗೇ ಪತ್ರ ಯಾಕೆ ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕೆಲಸ ಮಾಡುವ ದಾರಿ ಬೇರೆ ಇಲ್ಲ.

2025ರಲ್ಲಿ ರಿಜಿಸ್ಟರ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಕೊಂಡಿದೆ. ಕೌಂಟರಿನಲ್ಲಿ ಸ್ಪೀಡ್ ಪೋಸ್ಟ್ ಕೊಡುವಾಗ ರಿಜಿಸ್ಟ್ರೇಷನ್ ಸೌಲಭ್ಯ ಮತ್ತು ಡೆಲಿವರಿ ಪುರಾವೆ ಎರಡನ್ನೂ ಸೇರಿಸಿ ಎಂದು ಕೇಳಿ. ರಸೀದಿಯ ಫೋಟೋ ತೆಗೆದಿಡಿ. ಅದರ ಅಕ್ಷರ ಬೇಗ ಮಾಸಿಹೋಗುತ್ತದೆ.

ಪತ್ರಕ್ಕೆ ಮೂರರಲ್ಲಿ ಒಂದು ಆಗುತ್ತದೆ. ಒಂದು, ಯಾರೋ ಮನೆಯವರು ಸಹಿ ಮಾಡಿ ತೆಗೆದುಕೊಳ್ಳುತ್ತಾರೆ. ಎರಡು, ಅವರು ಪೋಸ್ಟ್ ಆಫೀಸಿಗೆ ಹೊಸ ವಿಳಾಸ ಬರೆದುಕೊಟ್ಟಿದ್ದರೆ ಪತ್ರ ಅಲ್ಲಿಗೇ ಹೋಗುತ್ತದೆ. ಮೂರು, ಷರಾ ಬರೆಸಿಕೊಂಡು ವಾಪಸ್ ಬರುತ್ತದೆ. ಮೂರೂ ನಿಮಗೆ ಉಪಯೋಗ.

ನನ್ನ ಪತ್ರದ ಕಥೆ ಹೇಳುತ್ತೇನೆ. ಟ್ರ್ಯಾಕಿಂಗ್ ನಂಬರ್ ಹಾಕಿ ದಿನಾ ನೋಡುತ್ತಿದ್ದೆ. ನಾಲ್ಕನೇ ದಿನ ಪತ್ರ ಲಗ್ಗೆರೆ ಕಡೆಯಿಂದ ಹೊರಟು ವಿಶ್ವನೀಡಂ ಪೋಸ್ಟ್ ಆಫೀಸ್ ತಲುಪಿದೆ ಅಂತ ತೋರಿಸಿತು. ಅದು ಮಾಗಡಿ ರೋಡಿನ ಸುಂಕದಕಟ್ಟೆ ಕಡೆಯದು, ಪಿನ್ 560091. ಮನೆ ನಂಬರ್ ಇನ್ನೂ ಗೊತ್ತಿರಲಿಲ್ಲ. ಆದರೆ ಇಡೀ ಬೆಂಗಳೂರು ಹೋಗಿ ನಾಲ್ಕೈದು ಬಡಾವಣೆಗೆ ಬಂದು ನಿಂತಿತ್ತು. ಎರಡು ದಿನ ಬಿಟ್ಟು ಅದೂ ವಾಪಸ್ ಬಂತು. ಕವರಿನ ಮೇಲೆ ನೀಲಿ ಪೆನ್ನಿನಲ್ಲಿ 'ಬಾಗಿಲು ಹಾಕಿದೆ' ಎಂದು ಎರಡು ಸಲ, ಎರಡು ತಾರೀಕಿನ ಜೊತೆ. ಮೂಲೆಯಲ್ಲಿ ಹಳೆ ವಿಳಾಸ ಹೊಡೆದು ಹಾಕಿ ಹೊಸ ಕ್ರಾಸಿನ ನಂಬರ್ ಬರೆದಿದ್ದರು.

ಹೀಗೆ ವಾಪಸ್ ಬಂದ ಕವರನ್ನು ದಯವಿಟ್ಟು ಒಡೆಯಬೇಡಿ. ಅಂಟಿಸಿದ್ದು ಅಂಟಿಸಿದ ಹಾಗೇ ಇರಲಿ. ನೋಟಿಸ್ ಕಳಿಸಿದ್ದೀರಿ, ಅದರೊಳಗೆ ಇದೇ ಇತ್ತು ಎಂದು ಮುಂದೆ ಕೋರ್ಟಿನಲ್ಲಿ ತೋರಿಸಲು ಒಡೆಯದ ಕವರೇ ಬೇಕು. ನಾನು ಮೊದಲನೆಯದನ್ನು ಕುತೂಹಲಕ್ಕೆ ಹರಿದುಬಿಟ್ಟಿದ್ದೆ. ಮತ್ತೊಂದು ಸಲ ಕಳಿಸಬೇಕಾಯಿತು.

ನಾಲ್ಕನೆಯದು: ಹಳೆ ಬೀದಿಯಲ್ಲಿ ಕೇಳಿ, ಮರ್ಯಾದೆಯಿಂದ

ಬೆಂಗಳೂರಿನಲ್ಲಿ ಮನೆ ಬದಲಾಯಿಸುವವರು ಹೆಚ್ಚಾಗಿ ದೂರ ಹೋಗುವುದಿಲ್ಲ. ಮಕ್ಕಳ ಸ್ಕೂಲು, ಕೆಲಸ, ಬಸ್ ರೂಟು ಎಲ್ಲ ಅಲ್ಲೇ ಇರುತ್ತದೆ. ಬಾಡಿಗೆ ಏರಿತು, ಓನರ್ ಮಗಳ ಮದುವೆಗೆ ಮನೆ ಕೇಳಿದರು, ಇಂಥವೇ ಕಾರಣ. ಎಲ್ಲರೂ ತಲೆ ತಪ್ಪಿಸಿಕೊಂಡು ಹೋದವರಲ್ಲ. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಹೋಗಿ. ನಿಮ್ಮ ದನಿಯೇ ಬೇರೆ ಆಗುತ್ತದೆ.

ಮೊದಲು ಮನೆ ಓನರ್. ಅಡ್ವಾನ್ಸ್ ವಾಪಸ್ ಕೊಡುವ ಲೆಕ್ಕದಲ್ಲಿ ಅವರ ಹತ್ತಿರ ಹೊಸ ನಂಬರ್ ಇರುತ್ತದೆ. 11 ತಿಂಗಳ ಬಾಡಿಗೆ ಕರಾರಿನಲ್ಲಿ ಬಾಡಿಗೆದಾರರ ಊರಿನ ವಿಳಾಸವೂ ಇರುತ್ತದೆ. ಆ ಕರಾರು ಸಾಮಾನ್ಯವಾಗಿ ರಿಜಿಸ್ಟರ್ ಆಗಿರುವುದಿಲ್ಲ, ಹಾಗಾಗಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಹುಡುಕಿ ಪ್ರಯೋಜನ ಇಲ್ಲ. ಓನರ್ ಹೇಳಲು ಒಪ್ಪದಿದ್ದರೆ ಒತ್ತಾಯ ಬೇಡ. ನಿಮ್ಮ ಹೆಸರು, ನಂಬರ್ ಬರೆದ ಚೀಟಿ ಕೊಟ್ಟು "ಅವರಿಗೇ ತಲುಪಿಸಿ, ಅವರೇ ಫೋನ್ ಮಾಡಲಿ" ಎನ್ನಿ.

ಆಮೇಲೆ ಬೀದಿ ತುದಿಯ ಇಸ್ತ್ರಿ ಗಾಡಿ, ಹಾಲಿನ ಬೂತ್, ಕೇಬಲ್‌ನವರು, ನೀರಿನ ಕ್ಯಾನ್ ಹಾಕುವ ಹುಡುಗ. ನನಗೆ ದಾರಿ ತೋರಿಸಿದ್ದು ಇಸ್ತ್ರಿಯವರೇ. "ಅವ್ರಾ? ದೀಪಾವಳಿ ಆದ್ಮೇಲೆ ಖಾಲಿ ಮಾಡ್ಕೊಂಡು ಹೋದ್ರಲ್ಲ ಸಾರ್. ಎರಡು ಟ್ರಿಪ್ಪು, ನಮ್ಮ ಬಾಮೈದನ ಟಾಟಾ ಏಸ್‌ನಲ್ಲೇ." ಬಾಮೈದನಿಗೆ ಸಾಮಾನು ಇಳಿಸಿದ ಜಾಗದ ಹೆಸರು ನೆನಪಿರಲಿಲ್ಲ. ಎದುರಿಗೆ ರಾಗಿ ಹಿಟ್ಟಿನ ಗಿರಣಿ ಇತ್ತು, ಅಷ್ಟು ನೆನಪಿತ್ತು. ಕವರಿನ ಮೇಲಿದ್ದ ಕ್ರಾಸ್ ನಂಬರಿಗೆ ಈ ಗಿರಣಿ ಸೇರಿಸಿದರೆ ಸಾಕಾಗಿತ್ತು.

ಕೇಳುವಾಗ ಒಂದು ಮಾತು ಮಾತ್ರ ಬಾಯಿಂದ ಬರಬಾರದು: ಸಾಲ. "ಅವರಿಗೆ ಒಂದು ಕಾಗದ ತಲುಪಿಸಬೇಕಿತ್ತು" ಅಂದರೆ ಸಾಕು, ಅದು ಸುಳ್ಳೂ ಅಲ್ಲ. ನೆರೆಯವರ ಮುಂದೆ ಅವರ ಬಾಕಿ ಲೆಕ್ಕ ಹೇಳಿದರೆ ನಿಮಗೆ ಹಣ ಬೇಗ ಬರುವುದಿಲ್ಲ. ಅವರ ಮನೆಯ ಹೆಣ್ಣುಮಕ್ಕಳು ಹಾಲು ತರಲು ಹೋದಾಗ ತಲೆ ತಗ್ಗಿಸಬೇಕಾಗುತ್ತದೆ, ಅಷ್ಟೇ. ಮಕ್ಕಳ ಸ್ಕೂಲಿನ ಹತ್ತಿರ ಹೋಗಲೇಬೇಡಿ. ಮಕ್ಕಳನ್ನು ಹಿಂಬಾಲಿಸಿ ಮನೆ ಹುಡುಕುವುದು ಎಷ್ಟೇ ಸುಲಭ ಅನಿಸಿದರೂ ಆ ದಾರಿ ಬೇಡವೇ ಬೇಡ.

ಐದನೆಯದು: ಎಲ್ಲರೂ ನೋಡಬಹುದಾದ ದಾಖಲೆಗಳು

ಎದುರಿನವರು ವ್ಯಾಪಾರಸ್ಥರಾದರೆ ಜಿಎಸ್‌ಟಿ ಪೋರ್ಟಲ್‌ನಿಂದ ಶುರು ಮಾಡಿ. ನಿಮ್ಮ ಬಿಲ್ಲಿನಲ್ಲೇ ಅವರ ಜಿಎಸ್‌ಟಿ ನಂಬರ್ ಇರುತ್ತದೆ. ಮೊದಲ ಎರಡು ಅಂಕಿ 29 ಇದ್ದರೆ ಕರ್ನಾಟಕ, ಅದರ ಮುಂದಿನ ಹತ್ತು ಅಕ್ಷರ ಅವರ ಪ್ಯಾನ್. ಪೋರ್ಟಲ್‌ನ ಟ್ಯಾಕ್ಸ್‌ಪೇಯರ್ ಹುಡುಕುವ ಜಾಗದಲ್ಲಿ ನಂಬರ್ ಹಾಕಿದರೆ ವ್ಯಾಪಾರದ ಮುಖ್ಯ ಸ್ಥಳ, ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದು ಬರುತ್ತದೆ. ಸ್ಥಳ ಬದಲಾದರೆ 15 ದಿನದೊಳಗೆ ತಿದ್ದಿಸಬೇಕು ಎಂಬ ನಿಯಮ ಇದೆ. ಹಾಗಾಗಿ ಇಲ್ಲಿ ಹೊಸ ವಿಳಾಸ ಸಿಗುವ ಸಾಧ್ಯತೆ ಚೆನ್ನಾಗಿದೆ.

ಕಂಪನಿಯಾದರೆ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ವೆಬ್‌ಸೈಟ್ ನೋಡಿ. ನೋಂದಾಯಿತ ಕಚೇರಿ, ಡೈರೆಕ್ಟರ್‌ಗಳ ಹೆಸರು ಅಲ್ಲಿ ಇರುತ್ತದೆ. ಕಚೇರಿ ಬದಲಾಯಿಸಿದರೆ 30 ದಿನದೊಳಗೆ ತಿಳಿಸಬೇಕು. ಇಲ್ಲಿನ ಕಂಪನಿ ರಿಜಿಸ್ಟ್ರಾರ್ ಆಫೀಸ್ ಕೋರಮಂಗಲದ ಕೇಂದ್ರೀಯ ಸದನದಲ್ಲಿದೆ.

ಇನ್ನು ಕೋರ್ಟು ಕೇಸುಗಳ ವಿವರ ಸಿಗುವ ಇ-ಕೋರ್ಟ್ಸ್. ಈ ಒಂದು ವೆಬ್‌ಸೈಟ್ ಬಗ್ಗೆ ನಮ್ಮ ವ್ಯಾಪಾರಿಗಳಿಗೆ ಇನ್ನೂ ಜಾಸ್ತಿ ಗೊತ್ತಾಗಬೇಕು. ಜಿಲ್ಲೆ, ಕೋರ್ಟು, ವರ್ಷ ಆರಿಸಿ ಕಕ್ಷಿದಾರರ ಹೆಸರು ಹಾಕಿದರೆ ಅವರ ಮೇಲೆ ಬೇರೆ ಯಾರಾದರೂ ಕೇಸು ಹಾಕಿದ್ದಾರಾ ಎಂದು ನೋಡಬಹುದು. ಇದ್ದರೆ ಮುಂದಿನ ವಿಚಾರಣೆ ತಾರೀಕು ಸಿಗುತ್ತದೆ. ಅವರ ಪರ ವಕೀಲರು ಬಂದಿದ್ದರೆ ವಕೀಲರ ಹೆಸರೂ ಸಿಗುತ್ತದೆ. ಅದೇ ಹೆಸರಿನ ಬೇರೆಯವರೂ ಇರಬಹುದು. ತಂದೆ ಹೆಸರು ಹೋಲಿಸದೆ ತೀರ್ಮಾನಕ್ಕೆ ಬರಬೇಡಿ.

ಮತದಾರರ ಪಟ್ಟಿಯಲ್ಲಿ ತಂದೆ ಅಥವಾ ಗಂಡನ ಹೆಸರು, ಮನೆ ನಂಬರ್, ವಯಸ್ಸು ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಬೂತ್ ಪ್ರಕಾರ ಪಟ್ಟಿ ಹಾಕುತ್ತಾರೆ. ಆದರೆ ಮನೆ ಬದಲಾಯಿಸಿದವರು ಪಟ್ಟಿಯಲ್ಲಿ ವಿಳಾಸ ಬದಲಾಯಿಸುವುದು ನಿಧಾನ. ಇದರಿಂದ ಸಿಗುವುದು ಹೆಚ್ಚಾಗಿ ಗುರುತು ಖಾತ್ರಿ ಮಾಡಿಕೊಳ್ಳುವ ಸಹಾಯ.

ಊರಿನ ಹೆಸರು ಗೊತ್ತಾದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿ ನೋಡಿ. ಬೆಂಗಳೂರಿನ ಮನೆ, ಸೈಟು ಇದ್ದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಆಸ್ತಿಯ ಋಣಭಾರ ಪತ್ರ) ತೆಗೆಸಬಹುದು. ಇವು ವಿಳಾಸಕ್ಕಿಂತ ಹೆಚ್ಚಾಗಿ ಆಸ್ತಿ ತೋರಿಸುತ್ತವೆ. ಕೋರ್ಟಿಗೆ ಹೋಗುವ ಮೊದಲು ಆಸ್ತಿ ಗೊತ್ತಿರುವುದು ಒಳ್ಳೆಯದು. ಏನೂ ಇಲ್ಲದವರ ಮೇಲೆ ಸುಮ್ನೆ ವಕೀಲರ ಫೀಸು ಕಟ್ಟುವ ಮುಂಚೆ ಯೋಚಿಸಬೇಕಲ್ಲ.

ಬ್ಯಾಂಕಿನವರು ಹೇಗೆ ಅಷ್ಟು ಬೇಗ ಹುಡುಕುತ್ತಾರೆ ಅಂತ ಕೇಳುತ್ತೀರಾ? ಸಾಲಗಾರ ಹೊಸ ಮನೆಯಿಂದ ಒಂದು ಬೈಕ್ ಸಾಲಕ್ಕೋ ಕ್ರೆಡಿಟ್ ಕಾರ್ಡಿಗೋ ಅರ್ಜಿ ಹಾಕಿದರೆ ಆ ವಿಳಾಸ ಎಲ್ಲರ ಸಾಲದ ಲೆಕ್ಕ ಇಡುವ ಸಿಬಿಲ್‌ನಂಥ ಸಂಸ್ಥೆಗಳ ದಾಖಲೆ ಸೇರುತ್ತದೆ, ಹಳೆ ಬ್ಯಾಂಕಿಗೂ ಕಾಣುತ್ತದೆ. ನಮ್ಮಂಥ ಖಾಸಗಿ ವ್ಯಕ್ತಿಗಳಿಗೆ ಆ ಬಾಗಿಲು ತೆರೆಯುವುದಿಲ್ಲ. ತೆರೆಸಿಕೊಡುತ್ತೇನೆ ಎನ್ನುವವರು ಸಿಕ್ಕರೆ ದೂರ ಇರಿ.

ಈ ಕೆಲಸಗಳಿಗೆ ಕೈ ಹಾಕಬೇಡಿ

ದುಡ್ಡು ಕೊಟ್ಟು ಫೋನ್ ಕರೆ ವಿವರ (ಸಿಡಿಆರ್) ತೆಗೆಸುವುದು, ಆಧಾರ್ ಮಾಹಿತಿ ಕೊಳ್ಳುವುದು, ಕೊರಿಯರ್ ಕಂಪನಿಯವರು, ಪೊಲೀಸರು ಅಂತ ಸುಳ್ಳು ಹೇಳಿ ವಿಳಾಸ ಕೇಳುವುದು. ಇವೆಲ್ಲ ನಿಮ್ಮನ್ನೇ ಆರೋಪಿ ಮಾಡುತ್ತವೆ. ಪತ್ತೇದಾರಿ ಏಜೆನ್ಸಿಗೆ ಕೊಡುವುದಾದರೆ ಹೇಗೆ ಹುಡುಕುತ್ತೀರಿ ಎಂದು ಮೊದಲೇ ಕೇಳಿ. "ಸಿಡಿಆರ್ ತೆಗೀತೀವಿ" ಅಂದರೆ ಎದ್ದು ಬನ್ನಿ. ಹುಡುಗರನ್ನು ಕಳಿಸಿ ಹೆದರಿಸುವುದಂತೂ ಬೇಡ. ಬ್ಯಾಂಕಿನ ವಸೂಲಿ ಏಜೆಂಟರೇ ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಮೈಕ್ರೋ ಫೈನಾನ್ಸ್ ಮತ್ತು ಲೇವಾದೇವಿಯವರ ಕಿರುಕುಳ ತಡೆಯಲು ಕರ್ನಾಟಕ 2025ರಲ್ಲಿ ಕಾನೂನು ತಂದಿದೆ. ಅದರಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇದೆ. ಮನೆ ಮುಂದೆ ಕೂತು ಗಲಾಟೆ ಮಾಡಿ, ಕೊನೆಗೆ ಒಂದು ಸಂಸಾರ ವಿಷ ಕುಡಿಯುವ ಮಟ್ಟಕ್ಕೆ ಹೋದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಯಾವ ಬಾಕಿಯೂ ಅಷ್ಟು ದೊಡ್ಡದಲ್ಲ.

ಬಡ್ಡಿಗೆ ಸಾಲ ಕೊಡುವುದೇ ನಿಮ್ಮ ಕಸುಬಾಗಿದ್ದರೆ 1961ರ ಲೇವಾದೇವಿ ಕಾಯ್ದೆಯ ಲೈಸೆನ್ಸ್ ಬೇಕು. ಅದಿಲ್ಲದೆ ಕೋರ್ಟಿಗೆ ಹೋದರೆ ಕೇಸು ನಿಲ್ಲುವುದಿಲ್ಲ.

ಆರನೆಯದು: ವಿಳಾಸ ಸಿಗದೇ ಇದ್ದರೂ ಕೋರ್ಟಿಗೆ ಹೋಗಬಹುದು

ಇದು ನನಗೆ ಮೊದಲೇ ಗೊತ್ತಿದ್ದರೆ ಎಂಟು ತಿಂಗಳು ಉಳಿಯುತ್ತಿತ್ತು. ದಾವೆಯಲ್ಲಿ ಪ್ರತಿವಾದಿಯ ವಾಸಸ್ಥಳವನ್ನು 'ತಿಳಿದುಬಂದ ಮಟ್ಟಿಗೆ' ಬರೆದರೆ ಸಾಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಹೇಳುತ್ತದೆ. ಕೊನೆಯದಾಗಿ ಗೊತ್ತಿದ್ದ ವಿಳಾಸ ಹಾಕಿ ದಾವೆ ಹೂಡಬಹುದು. ಗಡುವು ಹತ್ತಿರ ಇದ್ದರೆ ಹೂಡಲೇಬೇಕು. ಅವರು ದಾವಣಗೆರೆಗೋ ಹೊಸೂರಿಗೋ ಹೋಗಿದ್ದರೂ ಪರವಾಗಿಲ್ಲ. ಹಣ ಕೊಟ್ಟದ್ದು, ಮಾಲು ಇಳಿಸಿದ್ದು ಬೆಂಗಳೂರಿನಲ್ಲಾದರೆ ಕೇಸು ಇಲ್ಲೇ ನಡೆಯುತ್ತದೆ.

ಸಮನ್ಸ್ ತಲುಪದಿದ್ದರೆ ಅದನ್ನು ತಲುಪಿಸುವ ಕೋರ್ಟಿನ ನೌಕರರಾದ ಅಮೀನರು ಬಾಗಿಲಿಗೆ ಅಂಟಿಸಬಹುದು. ಅದೂ ಆಗದಿದ್ದರೆ ಅದೇ ಸಂಹಿತೆಯ 5ನೇ ಆದೇಶದ 20ನೇ ನಿಯಮದ ಪ್ರಕಾರ, ಅವರು ಕೊನೆಗೆ ವಾಸವಿದ್ದ ಜಾಗದಲ್ಲಿ ಓದುವ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಲು ಕೋರ್ಟು ಒಪ್ಪುತ್ತದೆ. ಅದಕ್ಕೆ ನೀವು ಪ್ರಾಮಾಣಿಕವಾಗಿ ಹುಡುಕಿದ್ದೀರಿ ಎಂದು ತೋರಿಸಬೇಕು. ಆ ಒಡೆಯದ ಕವರು, ಟ್ರ್ಯಾಕಿಂಗ್ ಪ್ರಿಂಟು, ಓನರ್ ಹತ್ತಿರ ಹೋದ ತಾರೀಕು ಇಲ್ಲಿ ಕೆಲಸಕ್ಕೆ ಬರುತ್ತವೆ. ಒಂದು ಸಣ್ಣ ನೋಟ್ ಬುಕ್ ಇಟ್ಟು ಹೋದ ದಿನ, ಕೇಳಿದ ಜಾಗ ಬರೆದಿಡಿ.

ಹೊಸ ವಿಳಾಸ ಗೊತ್ತಿದ್ದೂ ಮುಚ್ಚಿಟ್ಟು, ಹಳೆ ವಿಳಾಸಕ್ಕೆ ಸಮನ್ಸ್ ಕಳಿಸಿ ಡಿಕ್ರಿ (ಹಣ ಕೊಡಬೇಕೆಂಬ ಕೋರ್ಟಿನ ತೀರ್ಪು) ಮಾಡಿಸಿಕೊಂಡರೆ ಅದು ಉಳಿಯುವುದಿಲ್ಲ. ಅವರು ಬಂದು ಸಮನ್ಸ್ ಬಂದಿಲ್ಲ ಎಂದು ತೋರಿಸಿ ಅದನ್ನು ರದ್ದು ಮಾಡಿಸಬಹುದು.

ಡಿಕ್ರಿ ಆದ ಮೇಲೆ ಜಾರಿಗೆ 12 ವರ್ಷ ಸಮಯ ಇದೆ. ಅಂದರೆ 3 ವರ್ಷದ ಅವಸರ ಮುಗಿದು 12 ವರ್ಷದ ನಿಧಾನ ಸಿಗುತ್ತದೆ. ಆ ಅವಧಿಯಲ್ಲಿ ಅವರನ್ನು ಕೋರ್ಟಿಗೆ ಕರೆಸಿ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೇಳಿಸಬಹುದು. ಸಂಬಳದವರಾದರೆ ಮೊದಲ 1,000 ರೂಪಾಯಿ ಮತ್ತು ಉಳಿದದ್ದರ ಮೂರರಲ್ಲಿ ಎರಡು ಭಾಗ ಮುಟ್ಟುವಂತಿಲ್ಲ. ಮಿಕ್ಕ ಒಂದು ಭಾಗ ಜಪ್ತಿ ಮಾಡಿಸಬಹುದು.

ಚೆಕ್ ಇದ್ದವರಿಗೆ ಗಡುವು ಇನ್ನೂ ಬಿಗಿ. ಚೆಕ್ಕಿನ ತಾರೀಕಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದ ಮಾಹಿತಿ ಸಿಕ್ಕ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ತಲುಪಿದ ಮೇಲೆ 15 ದಿನ ಕಾಯಬೇಕು, ಅದು ಮುಗಿದ ಒಂದು ತಿಂಗಳೊಳಗೆ ದೂರು ಕೊಡಬೇಕು. ದೂರು ಕೊಡುವುದು ನಿಮ್ಮ ಅಕೌಂಟ್ ಇರುವ ಬ್ರಾಂಚಿನ ವ್ಯಾಪ್ತಿಯ ಕೋರ್ಟಿನಲ್ಲಿ, ಅವರು ಎಲ್ಲಿಗೆ ಹೋಗಿದ್ದರೂ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ ಮಾಡಿ ಕಳಿಸಿದ ನೋಟಿಸ್ ತಲುಪಿದಂತೆಯೇ ಎಂದು ಕಾನೂನು ಭಾವಿಸುತ್ತದೆ. ನೋಟಿಸ್ ಸಿಕ್ಕಿಲ್ಲ ಎನ್ನುವವರು ಸಮನ್ಸ್ ಸಿಕ್ಕ 15 ದಿನದೊಳಗೆ ಹಣ ಕಟ್ಟಬಹುದು, ಕಟ್ಟದಿದ್ದರೆ ಆ ವಾದಕ್ಕೆ ಬೆಲೆ ಇಲ್ಲ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ವ್ಯಾಪಾರದ ಬಾಕಿ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮೊದಲು ಮಧ್ಯಸ್ಥಿಕೆಗೆ ಹೋಗಬೇಕಾಗುತ್ತದೆ. ತುರ್ತಾಗಿ ಮಧ್ಯಂತರ ಆದೇಶ ಕೇಳುವ ಕೇಸುಗಳಿಗೆ ಮಾತ್ರ ವಿನಾಯಿತಿ.

ಸಿಕ್ಕ ಮೇಲೆ

ನಾನು ಒಬ್ಬನೇ ಹೋದೆ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ಗಿರಣಿ ಎದುರಿನ ಮನೆ, ಎರಡನೇ ಮಹಡಿ. ಅವರು ಬಾಗಿಲು ತೆರೆದು ಒಂದು ಕ್ಷಣ ನಿಂತರು. ಆಮೇಲೆ "ಒಳಗೆ ಬನ್ನಿ ಅಣ್ಣ" ಅಂದರು. ಅವರಿಗೂ ದೊಡ್ಡ ಸೈಟಿನ ಹಣ ಸಿಕ್ಕಿರಲಿಲ್ಲ. ಎಡಗೈಗೆ ಗರಗಸ ತಾಗಿ ನಾಲ್ಕು ತಿಂಗಳು ಕೆಲಸ ಇರಲಿಲ್ಲ. ನಾನು ಬೈಗುಳ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಒಂದೂ ಆಡಲಿಲ್ಲ.

ಮಾತು ಒಪ್ಪಂದವಾದರೆ ಅಲ್ಲೇ ಬರೆಸಿಕೊಳ್ಳಿ, "ನಾಳೆ ಅಂಗಡಿಗೆ ಬರ್ತೀನಿ" ಅಂದರೂ. ಒಟ್ಟು ಬಾಕಿ ಎಷ್ಟು, ಯಾವ ಬಿಲ್ಲುಗಳದ್ದು, ತಿಂಗಳಿಗೆ ಎಷ್ಟು, ಎಷ್ಟನೇ ತಾರೀಕು, ಕೆಳಗೆ ಸಹಿ ಮತ್ತು ದಿನಾಂಕ. ಗಡುವಿನೊಳಗೆ ಬರೆದ ಈ ಒಂದು ಹಾಳೆಯಿಂದ 3 ವರ್ಷ ಹೊಸದಾಗಿ ಶುರುವಾಗುತ್ತದೆ. ವಿಳಾಸವನ್ನು ನೀವು ಬರೆಯಬೇಡಿ, ಅವರ ಕೈಯಲ್ಲೇ ಬರೆಸಿ.

ನಮ್ಮದು ತಿಂಗಳಿಗೆ 8,000 ಅಂತ ಆಯಿತು. ಮಗಳ ನೋಟ್ ಬುಕ್ಕಿನಿಂದ ಒಂದು ಹಾಳೆ ಹರಿದು ಅವರೇ ಬರೆದರು. ಮನೆ ನಂಬರ್, ಕ್ರಾಸು, ಮೇನ್ ರೋಡು, ಪಿನ್ ಕೋಡ್ ಎಲ್ಲ ಬರೆದು ಮುಗಿಸಿದವರು ಸ್ವಲ್ಪ ಯೋಚಿಸಿ ಕೆಳಗೆ ಇನ್ನೊಂದು ಸಾಲು ಸೇರಿಸಿದರು: ಹಿಟ್ಟಿನ ಗಿರಣಿ ಎದುರು.